ಸೇತುವೆಯ ಮೇಲೆ ಒಬ್ಬೊಬ್ಬರಾಗಿ

ಮೂಳೆ ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದಷ್ಟು ಹೊತ್ತು ನೋಡಿದರು. ಆಮೇಲೆ ಕನ್ನಡಕವನ್ನು ಹಣೆಗೇರಿಸಿಕೊಂಡು, "ಚೆನ್ನಾಗಿ ಕೂಡ್ಕೊಂಡಿದೆ. ಇನ್ನು ಓಡ್ಬಹುದು" ಅಂದರು. "ಆದ್ರೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಹನ್ನೊಂದು ತಿಂಗಳ ಓಟಾನೆಲ್ಲ ಒಂದೇ ದಿನ ಓಡೋಕೆ ಹೋಗ್ಬೇಡಿ."

ಈ ಮಾತಿಗಾಗಿ ಟೈಲರಕ್ಕ ಎಷ್ಟು ದಿನದಿಂದ ಕಾದಿದ್ದಳೋ. ಈಗ ಕಿವಿಯಾರೆ ಕೇಳಿದ ಮೇಲೆ ಮಾತ್ರ ಅವಳು ನಗದೆ ಎಕ್ಸ್‌ರೇಯನ್ನು ಲಕೋಟೆಗೆ ತುರುಕಿ ಎದ್ದಳು. ಜೊತೆಗೆ ಬಂದಿದ್ದ ಗಂಡ ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಅವಳ ಮುಖ ನೋಡಿ, "ಯಾಕೆ ಮುಖ ಸಣ್ಣಗಾಯ್ತು? ಇದಕ್ಕೇ ಅಲ್ವಾ ನೀನು ಜಪ ಮಾಡ್ತಿದ್ದಿದ್ದು?" ಎಂದು ಕೇಳಿದ.

"ಚಳಿ" ಎಂದಳು ಅವಳು. ಚಳಿಯೂ ಇತ್ತು ನಿಜ. ಆದರೆ ಅದು ಕಾರಣವಲ್ಲ.

ಅವಳಿಗೆ ನಲವತ್ತನಾಲ್ಕು ವರ್ಷ. ಮನೆಯ ಮುಂದಿನ ಕೋಣೆಯೇ ಹೊಲಿಗೆ ಅಂಗಡಿ. ಶಾಲೆ ಮಕ್ಕಳ ಸಮವಸ್ತ್ರ, ಆಸ್ಪತ್ರೆಯ ಏಪ್ರನ್ನು, ಯಾರದೋ ಮನೆಯ ಕಿಟಕಿ ಪರದೆ, ಹೀಗೆ ವರ್ಷವಿಡೀ ಕೆಲಸ. ಗಂಡ ನೀರಿನ ಕಚೇರಿಯಲ್ಲಿ ಮೀಟರ್ ಓದುವವನು. ಊರಿನ ಅರ್ಧ ಮನೆಗಳ ಹಿತ್ತಲು ಅವನಿಗೆ ಗೊತ್ತು. ಮನೆಯಲ್ಲಿ ಮೂರನೆಯವರು ಅತ್ತೆ. ಎಂಬತ್ತಕ್ಕೆ ಎರಡು ಕಡಿಮೆ, ಕಣ್ಣು ಮಾತ್ರ ಇನ್ನೂ ಸೂಜಿಗೆ ದಾರ ಪೋಣಿಸುವಷ್ಟು ಚುರುಕು. ಸೊಸೆ ಬೆಳಗಾಗೆದ್ದು ಬೂಟು ಕಟ್ಟಿಕೊಂಡು ಓಡಲು ಹೋಗುತ್ತಾಳೆಂದು ಮೊದಮೊದಲು ನೆರೆಯವರು ನಕ್ಕಾಗ ಅತ್ತೆಯೇ ಅವರ ಬಾಯಿ ಮುಚ್ಚಿಸಿದ್ದರು. "ಹೌದಮ್ಮ, ನಮ್ಮ ಸೊಸೆ ದಿನಾ ಓಡಿಹೋಗ್ತಾಳೆ. ಏಳೂವರೆಗೆ ವಾಪಸ್ ಬಂದು ಅಡಿಗೆಗೆ ಇಡ್ತಾಳೆ. ನಿಮ್ಮನೇಲಿ ಓಡಿಹೋದೋರು ಯಾರಾದ್ರೂ ಹಾಗೆ ವಾಪಸ್ ಬಂದಿದ್ದಾರಾ?"

ಆರು ಚಳಿಗಾಲ ಅವಳು ಹಾಗೆ ಓಡಿದ್ದಳು. ಜೊತೆಗೆ ಮೂವರು. ಮೇಷ್ಟ್ರು, ಲೆಕ್ಕದ ಪಾಠ ಹೇಳಿ ನಿವೃತ್ತರಾದವರು, ಕೊರಳಿಗೆ ಸದಾ ಒಂದು ಸ್ಟಾಪ್‌ವಾಚು. ಸಿಸ್ಟರ್, ಮಕ್ಕಳ ವಾರ್ಡಿನ ನರ್ಸು, ನಾಲ್ವರಲ್ಲಿ ಚಿಕ್ಕವಳು. ಮತ್ತೆ ಬೇಕರಿಯಣ್ಣ. ಅವನು ಮೂರು ಗಂಟೆಗೇ ಎದ್ದು ಒಲೆ ಹೊತ್ತಿಸಿ, ಮೊದಲ ಸುತ್ತಿನ ಬ್ರೆಡ್ಡು ಹೊರತೆಗೆದು, ಹೆಂಡತಿಗೆ ಅಂಗಡಿ ಒಪ್ಪಿಸಿ ಬರುತ್ತಿದ್ದ. ಹುಬ್ಬಿನಲ್ಲಿ ಹಿಟ್ಟು ಹಾಗೇ ಉಳಿದಿರುತ್ತಿತ್ತು. ದಪ್ಪ ಆಳು, ಓಟ ನಿಧಾನ, ಆದರೆ ಒಂದು ದಿನವೂ ತಪ್ಪಿಸಿದವನಲ್ಲ. ಅಂಚೆ ಕಚೇರಿಯ ಮೆಟ್ಟಿಲ ಬಳಿ ಸೇರಿ, ಕಾಲುವೆಯ ದಂಡೆ ಹಿಡಿದು, ಮರದ ಸೇತುವೆ ದಾಟಿ, ಗೋದಾಮುಗಳ ಹಿಂದಿನ ರಸ್ತೆಯಲ್ಲಿ ಸುತ್ತು ಹಾಕಿ ಬಂದರೆ ಹತ್ತು ಕಿಲೋಮೀಟರು. ಸೇತುವೆ ಕಿರಿದು. ಅಲ್ಲಿಗೆ ಬಂದಾಗಲೆಲ್ಲ ಮೇಷ್ಟ್ರು ತರಗತಿಯಲ್ಲಿ ಹೇಳುವಂತೆ ಹೇಳುತ್ತಿದ್ದರು: "ಒಬ್ಬೊಬ್ಬರಾಗಿ. ಸಾಲು ಮುರೀಬೇಡಿ."

ಹಿಂದಿನ ಚಳಿಗಾಲದ ಆ ಬೆಳಗ್ಗೆ ದಟ್ಟ ಮಂಜು. ಸೇತುವೆಯ ಹಲಗೆಗಳ ಮೇಲೆ ಕಂಡೂ ಕಾಣದಂತೆ ಹಿಮ ಕಟ್ಟಿತ್ತು. ಮೇಷ್ಟ್ರೂ ಸಿಸ್ಟರೂ ಆಗಲೇ ದಾಟಿ ಮಂಜಿನಲ್ಲಿ ಮರೆಯಾಗಿದ್ದರು. ಟೈಲರಕ್ಕನ ಮುಂದೆ ಬೇಕರಿಯಣ್ಣ, ಹೆಜ್ಜೆಯ ಮೇಲೆ ಹೆಜ್ಜೆ ನೋಡಿಕೊಂಡು ನಿಧಾನವಾಗಿ ಹೋಗುತ್ತಿದ್ದ. ಅವಳಿಗೆ ಆ ವಾರವೆಲ್ಲ ಕಾಲಿನಲ್ಲಿ ಕಸುವು ತುಂಬಿತ್ತು. ಆರು ವರ್ಷದಲ್ಲಿ ಮೊದಲ ಬಾರಿಗೆ ಒಂದು ಗಂಟೆಯೊಳಗೆ ಸುತ್ತು ಮುಗಿಯುವ ಹಾಗಿತ್ತು. ಈ ಮನುಷ್ಯನ ಬೆನ್ನಿನ ಹಿಂದೆ ಸಿಕ್ಕಿಕೊಂಡರೆ ಅದು ಆದಂತೆಯೇ ಎನ್ನಿಸಿತು. ಅವಳು ಬಲಗಡೆಗೆ ಸರಿದು, ಕಟಕಟೆಗೂ ಅವನಿಗೂ ನಡುವೆ ನುಗ್ಗಿದಳು. ಎರಡನೆಯ ಹೆಜ್ಜೆಗೆ ಕಾಲು ಜಾರಿತು. ಬೀಳುವಾಗ ಕೈಗೆ ಸಿಕ್ಕಿದ್ದು ಅವನ ಸ್ವೆಟರಿನ ತೋಳು. ಅದನ್ನೇ ಹಿಡಿದು ಎಳೆದಳು. ಅವನು ದಿಮ್ಮಿಯಂತೆ ಅವಳ ಕಾಲಿನ ಮೇಲೆ ಬಿದ್ದ. ಮೊಣಕಾಲಿನ ಕೆಳಗೆ ಎರಡೂ ಮೂಳೆ ಮುರಿದ ಸದ್ದು ಅವಳಿಗೆ ಕೇಳಿಸಿತು.

ಅವಳನ್ನು ಹೊತ್ತುಕೊಂಡು ದೊಡ್ಡ ರಸ್ತೆಯವರೆಗೆ ಓಡಿದವನು ಅವನೇ. ಆಸ್ಪತ್ರೆಯಲ್ಲಿ ಕಂಡವರಿಗೆಲ್ಲ ಅಳುತ್ತ ಹೇಳಿದವನೂ ಅವನೇ: "ನನ್ನ ಕಾಲು ಜಾರ್ತು. ಹಿಂದೆ ಬರ್ತಿದ್ದೋರ ಮೇಲೆ ಬಿದ್ದುಬಿಟ್ಟೆ." ಅವನು ಸುಳ್ಳು ಹೇಳಲಿಲ್ಲ. ಅವನು ಹಾಗೇ ತಿಳಿದುಕೊಂಡಿದ್ದ. ಆ ಮಂಜಿನಲ್ಲಿ, ಆ ಒಂದು ಕ್ಷಣದಲ್ಲಿ, ಯಾರು ಯಾರನ್ನು ಎಳೆದರೆಂದು ಗೊತ್ತಿದ್ದದ್ದು ಅವಳೊಬ್ಬಳಿಗೆ ಮಾತ್ರ.

ಅವಳು ಸುಮ್ಮನಿದ್ದಳು. ಮೊದಲ ದಿನ ನೋವಿನ ಮದ್ದಿನ ಮಂಪರಿನಲ್ಲಿ ಸುಮ್ಮನಿದ್ದಳು. ಎರಡನೆಯ ದಿನ ಆಪರೇಷನ್ನು. ಮೂರನೆಯ ದಿನ ಎಚ್ಚರವಾಗಿದ್ದಾಗ ವಾರ್ಡಿನ ಬಾಗಿಲಾಚೆ ಗಂಡನ ದನಿ ಕೇಳಿಸಿತು. ಬೇಕರಿಯಣ್ಣ ಹೆಂಡತಿಯ ಜೊತೆ ನೋಡಲು ಬಂದಿದ್ದ. "ಎರಡು ಕಣ್ಣಿದ್ದೂ ಕಾಣ್ಲಿಲ್ವಾ ನಿಮ್ಗೆ? ಅಷ್ಟು ಭಾರದ ದೇಹ ಹೊತ್ಕೊಂಡು ಓಡೋಕೆ ಯಾಕ್ರೀ ಬರ್ಬೇಕು? ನನ್ನ ಹೆಂಡ್ತಿ ಇನ್ನು ಹೊಲಿಗೆ ಮಿಷನ್ ಪೆಡಲ್ ತುಳಿಯೋ ಹಾಗಿಲ್ಲ ಅಂತ ಗೊತ್ತಾ?" ಗಂಡ ಯಾರ ಮೇಲೂ ದನಿ ಎತ್ತಿದವನಲ್ಲ. ಸ್ವಲ್ಪ ಹೊತ್ತಿಗೆ ಹೆಜ್ಜೆ ಸದ್ದು ದೂರವಾಯಿತು. ಆಗಲಾದರೂ ಕೂಗಿ ಕರೆಯಬಹುದಿತ್ತು. ನಾಳೆ ಹೇಳಿದರಾಯಿತು ಎಂದುಕೊಂಡಳು. ನಾಳೆ ನಾಳೆ ಎನ್ನುತ್ತ ಹನ್ನೊಂದು ತಿಂಗಳಾಯಿತು.

ಆ ತಿಂಗಳುಗಳಲ್ಲಿ ಅವಳು ಪಟ್ಟ ಪಾಡು ಸುಳ್ಳಲ್ಲ. ಕಾಲೊಳಗೆ ಒಂದು ಉಕ್ಕಿನ ಪಟ್ಟಿ, ಏಳು ಸ್ಕ್ರೂ. ಎರಡು ತಿಂಗಳು ಹಾಸಿಗೆ, ಆಮೇಲೆ ವಾಕರು, ಆಮೇಲೆ ಕೋಲು. ಬಲಗಾಲು ಪೆಡಲ್ ಮುಟ್ಟುವಂತಿರಲಿಲ್ಲ ಎಂದು ಎಡಗಾಲಿನಲ್ಲಿ ತುಳಿಯುವುದನ್ನು ಕಲಿತಳು. ಮೊದಲ ಏಪ್ರನ್ನು ನೋಡಿದ ಅತ್ತೆ, "ಇದು ಹೊಲಿಗೆಯೋ, ಹಾವು ಹರಿದ ಗುರುತೋ?" ಎಂದು ಬ್ಲೇಡು ತೆಗೆದುಕೊಂಡು ಬಿಚ್ಚಲು ಕೂತರು. ಅತ್ತೆ ಬಿಚ್ಚಿದ್ದನ್ನು ಸೊಸೆ ಮತ್ತೆ ಹೊಲಿಯುವುದು, ಸೊಸೆ ಹೊಲಿದದ್ದನ್ನು ಅತ್ತೆ ಮತ್ತೆ ಬಿಚ್ಚುವುದು. ಹೀಗೆ ಬೇಸಿಗೆ ಕಳೆಯಿತು. ಸಿಸ್ಟರು ವಾರಕ್ಕೊಮ್ಮೆ ಬಂದು ಗೋಡೆಗೆ ಒರಗಿಸಿ ನಿಲ್ಲಿಸಿ, ಹಿಮ್ಮಡಿ ಎತ್ತಿಸಿ ಇಳಿಸಿ, ಮೀನಖಂಡಕ್ಕೆ ಮತ್ತೆ ಬಲ ಬರಿಸಿದಳು. ಮೇಷ್ಟ್ರು ಪುಸ್ತಕ ತಂದುಕೊಟ್ಟರು. ಬೇಕರಿಯಣ್ಣನ ವಿಚಾರ ಯಾರೂ ಎತ್ತಲಿಲ್ಲ. ಅವಳು ಕೇಳಲೂ ಇಲ್ಲ.

ಡಾಕ್ಟರು ಅಪ್ಪಣೆ ಕೊಟ್ಟ ಮೂರನೆಯ ದಿನ, ಬೆಳಗಿನ ಆರಕ್ಕೆ, ಅವಳು ಅಂಚೆ ಕಚೇರಿಯ ಮೆಟ್ಟಿಲ ಬಳಿ ನಿಂತಿದ್ದಳು. ಎರಡು ಸ್ವೆಟರು, ಕಿವಿ ಮುಚ್ಚುವ ಟೊಪ್ಪಿ, ಉಣ್ಣೆಯ ಕೈಗವಸು. ಉಸಿರು ಹೊಗೆಯಂತೆ ಬರುತ್ತಿತ್ತು. ಮೇಷ್ಟ್ರು ಅವಳನ್ನು ಕಂಡು ಸ್ಟಾಪ್‌ವಾಚು ಬಿಚ್ಚಿ ಜೇಬಿಗೆ ಹಾಕಿಕೊಂಡರು.

"ಇವತ್ತು ನಿಮಿಷ ಎಣಿಸ್ಬೇಕಲ್ಲ ಮೇಷ್ಟ್ರೇ" ಎಂದಳು.

"ಅದು ಕೈಗಡಿಯಾರದಲ್ಲೇ ಗೊತ್ತಾಗುತ್ತೆ. ಅದಕ್ಕೆ ಇಷ್ಟು ದೊಡ್ಡ ಯಂತ್ರ ಯಾಕೆ? ಬನ್ನಿ."

ಮೂವರೂ ಹೊರಟರು. ಮೊದಲ ಒಂದು ನಿಮಿಷ ಅವಳಿಗೆ ಒಂದು ಯುಗದಂತಿತ್ತು. ಬಲಗಾಲು ತನ್ನದಲ್ಲ, ಯಾರದೋ ಕಾಲನ್ನು ಎರವಲು ತಂದಂತೆ. ಹೆಜ್ಜೆ ಇಟ್ಟಾಗಲೆಲ್ಲ ಪಟ್ಟಿ ಇದ್ದ ಜಾಗದಲ್ಲಿ ತಣ್ಣಗೆ ಚುಚ್ಚಿದ ಹಾಗೆ. "ಸಾಕು, ನಡೀರಿ" ಎಂದು ಮೇಷ್ಟ್ರು ಹೇಳಿದಾಗ ಅವಳು ಬೆವರಿದ್ದಳು. ನಡೆದರು. ಮತ್ತೆ ಓಡಿದರು. ಹತ್ತು ಕಿಲೋಮೀಟರು ಓಡಬಲ್ಲ ಇಬ್ಬರು ತನ್ನ ಅಕ್ಕಪಕ್ಕ ಆಮೆಗಳಂತೆ ಹೆಜ್ಜೆ ಹಾಕುತ್ತಿರುವುದನ್ನು ನೋಡಿ ಅವಳು ಬೇಕೆಂದೇ ಹಿಂದೆ ಉಳಿದಳು. "ನೀವು ಹೋಗಿ, ನಾನು ನಿಧಾನ ಬರ್ತೀನಿ" ಎಂದರೆ ಸಿಸ್ಟರು, "ನೈಟ್ ಡ್ಯೂಟಿ ಮುಗಿಸಿ ಬಂದಿದೀನಿ ಅಕ್ಕ. ನಿಮ್ಮ ಜೊತೆ ನಡೆದ್ರೆ ನನಗೇ ಆರಾಮ" ಎಂದಳು.

ಕಾಲುವೆಯ ತಿರುವಿನಲ್ಲಿ ಸೇತುವೆ ಕಾಣಿಸಿತು. ಯಾರೂ ಹೇಳದೆಯೇ ಅವಳ ಕಾಲು ನಿಂತುಹೋಯಿತು. ಹಲಗೆಗಳ ಮೇಲೆ ಈಗ ಯಾರೋ ಒರಟು ಮರಳು ಚೆಲ್ಲಿದ್ದರು. ಹಿಮವಿರಲಿಲ್ಲ. ಆದರೂ ಅವಳು ಮುಂದೆ ಹೆಜ್ಜೆ ಇಡಲಿಲ್ಲ.

"ಇವತ್ತು ಇಲ್ಲಿಂದ ವಾಪಸ್ ಹೋಗೋಣ. ಅದೇನು ಎಲ್ಲೂ ಓಡಿಹೋಗಲ್ಲ" ಎಂದರು ಮೇಷ್ಟ್ರು.

ಹಿಂದಿರುಗುವಾಗ ಅವಳು ಕೊನೆಗೂ ಕೇಳಿದಳು. "ಬೇಕರಿಯಣ್ಣ ಈಗ ಎಷ್ಟು ಗಂಟೆಗೆ ಬರ್ತಾರೆ?"

ಮೇಷ್ಟ್ರು ಕಾಲುವೆಯ ಕಡೆ ನೋಡಿದರು. ಉತ್ತರ ಕೊಟ್ಟವಳು ಸಿಸ್ಟರು. "ಅವತ್ತಿಂದ ಅವರು ಬಂದೇ ಇಲ್ಲ ಅಕ್ಕ. ಈ ಕಡೆ ಮುಖಾನೇ ಹಾಕಿಲ್ಲ. ನಾವು ನಾಲ್ಕು ಸಲ ಹೋಗಿ ಕರೆದ್ವಿ. 'ನಾನು ಇನ್ನೊಬ್ಬರ ಕಾಲೂ ಮುರೀಬೇಕಾ?' ಅಂತ ಕೇಳಿದ್ರು. ಆಮೇಲೆ ಕರೆಯೋಕೆ ನಮಗೆ ಬಾಯಿ ಬರಲಿಲ್ಲ." ನಡೆಯುತ್ತಲೇ ಅವಳು ಮುಂದುವರಿಸಿದಳು. "ಅವರಿಗೆ ಸಕ್ಕರೆ ಕಾಯಿಲೆ ಇತ್ತು, ಗೊತ್ತಲ್ಲ? ಓಟ ಇತ್ತು ಅಂತ ಮಾತ್ರೇಲಿ ತಡೀತಿತ್ತು. ಈಗ ದಿನಕ್ಕೆ ಎರಡು ಇಂಜೆಕ್ಷನ್ನು. ಕಾಲಿನ ಬೆರಳಲ್ಲಿ ಒಂದು ಹುಣ್ಣಾಗಿ ಎರಡು ತಿಂಗಳು ಮಾಯಲಿಲ್ಲ. ನಾನೇ ಡ್ರೆಸ್ಸಿಂಗ್ ಮಾಡ್ತಿದ್ದೆ. ನಿಮಗೆ ಹೇಳ್ಬೇಡ ಅಂದಿದ್ರು. ಮೊದಲೇ ನೊಂದಿದ್ದಾರೆ ಅಂತ."

ಟೈಲರಕ್ಕನಿಗೆ ಬೀದಿ ದೀಪದ ಕಂಬವನ್ನು ಹಿಡಿದುಕೊಳ್ಳಬೇಕಾಯಿತು. ಕಾಲು ನೋಯುತ್ತಿದೆಯೆಂದು ಅವರಿಬ್ಬರೂ ತಿಳಿದರು. ಅವಳು ತಿದ್ದಲಿಲ್ಲ.

ಆ ದಿನವೆಲ್ಲ ಕೆಲಸ ಕೈಗೆ ಹತ್ತಲಿಲ್ಲ. ಒಂದು ಅಂಗಿಗೆ ಎರಡೂ ಎಡತೋಳು ಕೂರಿಸಿದಳು. ಅತ್ತೆ ಅದನ್ನು ಎತ್ತಿ ಹಿಡಿದು, ಏನೋ ತಮಾಷೆ ಮಾಡಲು ಹೊರಟವರು ಸೊಸೆಯ ಮುಖ ನೋಡಿ ಬ್ಲೇಡು ತೆಗೆದುಕೊಂಡು ಬಿಚ್ಚಲು ಕೂತರು. ಮೂರು ಗಂಟೆಗೆ ಅವಳು ಯಂತ್ರದ ಮೇಲೆ ಬಟ್ಟೆ ಮುಚ್ಚಿ ಎದ್ದಳು.

ಬೇಕರಿಯಲ್ಲಿ ಅದು ಗಿರಾಕಿಗಳಿಲ್ಲದ ಹೊತ್ತು. ಮುಂಗಟ್ಟೆಯಲ್ಲಿ, ಗಲ್ಲಾಪೆಟ್ಟಿಗೆಯ ಹಿಂದೆ ಅವನ ಹೆಂಡತಿ ಕೂತಿದ್ದಳು. ಟೈಲರಕ್ಕನನ್ನು ಕಂಡು ಎದ್ದು ನಿಂತವಳ ಮುಖದಲ್ಲಿ ನಗುವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. "ಒಳಗಿದ್ದಾರೆ" ಎಂದಷ್ಟೇ ಹೇಳಿದಳು.

ಒಲೆಯ ಕೋಣೆಯಲ್ಲಿ ಬೇಕರಿಯಣ್ಣ ಒಂದು ಸ್ಟೂಲಿನ ಮೇಲೆ ಕೂತು ಸುಟ್ಟು ಕರಿಕಟ್ಟಿದ ಟ್ರೇಗಳನ್ನು ಕೆರೆಯುತ್ತಿದ್ದ. ಮೊದಲಿಗಿಂತ ದಪ್ಪಗಾಗಿದ್ದ. ಮುಖ ಊದಿತ್ತು. ಕಾಲಲ್ಲಿ ಅಗಲವಾದ ಚಪ್ಪಲಿ. ಅವಳನ್ನು ನೋಡಿ ದಡಬಡಿಸಿ ಎದ್ದು, ಇದ್ದ ಒಂದೇ ಸ್ಟೂಲನ್ನು ಒರೆಸಿ ಅವಳತ್ತ ತಳ್ಳಿದ.

"ಕೂತ್ಕೊಳ್ಳಿ ಟೈಲರಕ್ಕ. ಕಾಲು ಹೇಗಿದೆ? ನಿಂತ್ಕೋಬೇಡಿ, ಕೂತ್ಕೊಳ್ಳಿ."

ಅವನ ಉಪಚಾರ ಅವಳಿಗೆ ಬೆಂಕಿ ತಾಕಿದಂತಾಯಿತು. ಕೂರಲಿಲ್ಲ. ದಾರಿಯಲ್ಲಿ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು.

"ಅಣ್ಣ, ಅವತ್ತು ನಿಮ್ಮ ಕಾಲು ಜಾರಲಿಲ್ಲ. ಜಾರಿದ್ದು ನನ್ನದು. ನಾನು ಸಾಲು ಮುರಿದು ನಿಮ್ಮನ್ನ ದಾಟೋಕೆ ಬಂದೆ. ಬೀಳೋವಾಗ ನಿಮ್ಮ ತೋಳು ಹಿಡಿದು ಎಳೆದೆ. ನೀವು ಬಿದ್ದಿದ್ದು ನನ್ನಿಂದ."

ಟ್ರೇ ಕೆರೆಯುವ ತಗಡು ಅವನ ಕೈಯಲ್ಲೇ ಇತ್ತು. ಅವನು ಅದನ್ನೇ ನೋಡುತ್ತ ನಿಂತ. ಒಲೆಯೊಳಗೆ ಬಿಸಿ ಆರುವ ಟಿಕ್ ಟಿಕ್ ಸದ್ದು.

"ಯಾವಾಗ ನೆನಪಾಯ್ತು?" ಎಂದು ಕೇಳಿದ. ಅವಳಿಗೆ ಒಂದು ದಾರಿ ತೆರೆದು ಕೊಡುತ್ತಿದ್ದ. ಈಗ ನೆನಪಾಯಿತು ಎಂದರೆ ಮುಗಿಯುತ್ತಿತ್ತು.

"ಮರೆತೇ ಇರಲಿಲ್ಲ" ಎಂದಳು.

ಅವನ ಮುಖ ನಿಧಾನವಾಗಿ ಕೆಂಪಾಯಿತು. ಆರು ವರ್ಷದಲ್ಲಿ ಅವನು ಸಿಟ್ಟಾದದ್ದನ್ನು ಅವಳು ನೋಡಿರಲಿಲ್ಲ. ದನಿ ಮಾತ್ರ ಏರಲಿಲ್ಲ.

"ಹನ್ನೊಂದು ತಿಂಗಳು. ನಾನು ದಿನಾ ಮೂರು ಗಂಟೆಗೆ ಏಳ್ತೀನಿ. ಹಿಟ್ಟು ನಾದ್ತಾ ಇದ್ರೆ ನಿಮ್ಮ ಮೂಳೆ ಮುರಿದ ಸದ್ದು ಕಿವೀಲಿ. ದಿನಾ. ನಿಮ್ಮ ಯಜಮಾನ್ರು ನನ್ನ ಹೆಂಡ್ತಿ ಎದುರಿಗೆ ನನ್ನ ದೇಹದ ಬಗ್ಗೆ ಮಾತಾಡಿದ್ರು. ಸರಿ ಅಂತ ನುಂಗ್ಕೊಂಡೆ. ತಪ್ಪು ನಂದು, ಅವರು ಅಂದಿದ್ದು ಸರಿ ಅಂತ. ಅದನ್ನೆಲ್ಲ ನೀವು ಒಳಗೆ ಮಲಗಿ ಕೇಳಿಸ್ಕೊಂಡ್ರಾ?"

"ಕೇಳಿಸ್ಕೊಂಡೆ."

"ಅವರಿಗೆ ಗೊತ್ತಾ ಇದು?"

"ಇಲ್ಲ."

"ಹಾಗಾದ್ರೆ ಅವರಿಗೆ ಹೇಳಿ. ನನಗೆ ಹೇಳಿ ಏನಾಗ್ಬೇಕು ಈಗ?" ಅವನು ಮತ್ತೆ ಟ್ರೇ ಎತ್ತಿಕೊಂಡ. "ಹೋಗಿ ಟೈಲರಕ್ಕ. ನೀವು ಕ್ಷಮಿಸಿ ಅಂತ ಕೇಳಿದ್ರೆ ನಾನು ಆಯ್ತು ಅನ್ಬೇಕಾಗುತ್ತೆ. ಇವತ್ತು ಹಾಗೆ ಅನ್ನೋಕೆ ನನ್ನಿಂದ ಆಗಲ್ಲ. ಕೇಳ್ಬೇಡಿ."

ಅವಳು ಕೇಳಲಿಲ್ಲ. ಮುಂಗಟ್ಟೆ ದಾಟುವಾಗ ಅವನ ಹೆಂಡತಿ ತಲೆಯೆತ್ತಲಿಲ್ಲ. ಎಲ್ಲವೂ ಕೇಳಿಸಿತ್ತು ಎಂದು ಅವಳು ಅದೇ ಚಿಲ್ಲರೆಯನ್ನು ಮತ್ತೆ ಮತ್ತೆ ಎಣಿಸುತ್ತಿದ್ದ ರೀತಿಯಿಂದಲೇ ತಿಳಿಯುತ್ತಿತ್ತು.

ಸಂಜೆ ಗಂಡ ಕೆಲಸದಿಂದ ಬಂದು ಬೂಟಿನ ಕೆಸರು ಕೆರೆಯುತ್ತ ಹೊಸ್ತಿಲ ಮೇಲೆ ಕೂತಿದ್ದ. ಅಲ್ಲೇ ಪಕ್ಕದಲ್ಲಿ ಕೂತು ಅವಳು ಹೇಳಿದಳು. ಒಂದೂ ಬಿಡದೆ ಹೇಳಿದಳು. ಮುಗಿದ ಮೇಲೂ ಅವನು ಬಹಳ ಹೊತ್ತು ಬೂಟು ಕೆರೆಯುತ್ತಲೇ ಇದ್ದ. ಅದರಲ್ಲಿ ಕೆಸರು ಉಳಿದಿರಲಿಲ್ಲ.

"ಅವರ ಬೇಕರಿ ಮೀಟರು ನಂದೇ ಸಾಲಿಗೆ ಬರುತ್ತೆ, ಗೊತ್ತಾ ನಿಂಗೆ?" ಎಂದ ಕೊನೆಗೆ. "ಪ್ರತಿ ತಿಂಗಳೂ ಒಳಗೆ ಹೋಗ್ಬೇಕು. ಮೀಟರು ಹಿಂದುಗಡೆ, ಒಲೆ ಕೋಣೆ ದಾಟಿ. ನಾನು ಅವರ ಮುಖ ನೋಡಲ್ಲ. ಅವರು ಮಾತ್ರ ಪ್ರತಿ ಸಲ ಒಂದು ಲೋಟ ಟೀ ಮಾಡಿ ಮೀಟರ್ ಪಕ್ಕದ ಕಟ್ಟೆ ಮೇಲೆ ಇಟ್ಟಿರ್ತಾರೆ. ನಾನು ಅದನ್ನ ಮುಟ್ಟದೆ ಬರ್ತೀನಿ. ಹನ್ನೊಂದು ಸಲ ಹಾಗೇ ಬಂದೆ. ಹೆಮ್ಮೆ ಪಟ್ಕೊಂಡು ಬಂದೆ, ಏನೋ ದೊಡ್ಡದು ಮಾಡ್ದೋನ ಥರ."

"ನನ್ನ ತಪ್ಪು" ಎಂದಳು ಅವಳು.

"ನಿನ್ನದು ನಿನ್ನದು. ಆ ಮಾತು ಆಡಿದ ಬಾಯಿ ನನ್ನದು" ಎಂದು ಅವನು ಎದ್ದು ಒಳಗೆ ಹೋದ. ಎರಡು ದಿನ ಅವಳ ಜೊತೆ ಬೇಕಾದಷ್ಟೇ ಮಾತಾಡಿದ. ಒಳಕೋಣೆಯಿಂದ ಎಲ್ಲ ಕೇಳಿಸಿಕೊಂಡಿದ್ದ ಅತ್ತೆ ಯಾರ ಪರವನ್ನೂ ವಹಿಸಲಿಲ್ಲ. ಸೊಸೆಯ ತಟ್ಟೆಗೆ ಬಡಿಸುವಾಗ ಮಾತ್ರ, "ಹೇಳಿದ್ಯಲ್ಲ. ಹೇಳದೆ ಸತ್ತೋರು ಎಷ್ಟೋ ಜನ ಇದ್ದಾರೆ. ಊಟ ಮಾಡು" ಎಂದರು.

ಮೂರನೆಯ ದಿನ ಮೀಟರ್ ಓದುವ ದಿನವಲ್ಲದಿದ್ದರೂ ಗಂಡ ಬೇಕರಿಗೆ ಹೋಗಿ ಬಂದ. ಏನು ಮಾತಾಯಿತೆಂದು ಅವನು ಹೇಳಲಿಲ್ಲ, ಅವಳೂ ಕೇಳಲಿಲ್ಲ. "ಟೀಗೆ ಸಕ್ಕರೆ ಹಾಕೋದು ಬಿಟ್ಟಿದ್ದಾರೆ ಪಾಪ" ಎಂದಷ್ಟು ಅವನ ಬಾಯಿಂದ ಬಂತು. ಅದರಿಂದ ಅವಳಿಗೆ ಈ ಸಲ ಅವನು ಆ ಟೀ ಕುಡಿದು ಬಂದಿದ್ದಾನೆಂದು ಗೊತ್ತಾಯಿತು.

ಅವಳು ಮೇಷ್ಟ್ರಿಗೂ ಸಿಸ್ಟರಿಗೂ ಕೂಡ ಹೇಳಿದಳು. ಓಡುವಾಗ ಅಲ್ಲ, ನಡೆಯುವ ಎರಡು ನಿಮಿಷದಲ್ಲಿ. ಸಿಸ್ಟರು ಆ ಬೆಳಗ್ಗೆ ಅಲ್ಲಿಂದಲೇ ತಿರುಗಿ ಮನೆಗೆ ಹೋದಳು. ಆ ಹುಣ್ಣಿಗೆ ಎರಡು ತಿಂಗಳು ಮುಲಾಮು ಹಚ್ಚಿದ ಕೈ ಅವಳದು. ಒಂದು ವಾರ ಅವಳು ಬರಲೇ ಇಲ್ಲ. ಮೇಷ್ಟ್ರು ಬಂದರು. ಅವರು ಹೇಳಿದ್ದು ಇಷ್ಟೇ: "ನಲವತ್ತು ವರ್ಷ ಮಕ್ಕಳಿಗೆ ಸಾಲು ನಿಲ್ಲಿಸಿದ್ದೀನಿ. ಯಾರು ಯಾರನ್ನ ತಳ್ಳಿದ್ರು ಅಂತ ಒಂದು ಸಲಾನೂ ನನಗೆ ಸರಿಯಾಗಿ ಗೊತ್ತಾಗಿಲ್ಲ. ನಡೀರಿ, ನಿಮಿಷ ಆಯ್ತು."

ಚಳಿ ಇನ್ನೂ ಏರಿತು. ಕಾಲುವೆಯ ಅಂಚಿನಲ್ಲಿ ನೀರು ಗಾಜಿನಂತೆ ಹೆಪ್ಪುಗಟ್ಟತೊಡಗಿತು. ಒಂದು ನಿಮಿಷ ಎರಡಾಯಿತು, ಎರಡು ಐದಾಯಿತು. ಸಿಸ್ಟರು ಒಂದು ಬೆಳಗ್ಗೆ ಏನೂ ಆಗದವಳಂತೆ ಮೆಟ್ಟಿಲ ಬಳಿ ನಿಂತಿದ್ದು, ಟೈಲರಕ್ಕನ ಬೂಟಿನ ದಾರ ಸಡಿಲವಾಗಿದೆಯೆಂದು ಬೈದು ತಾನೇ ಬಗ್ಗಿ ಕಟ್ಟಿದಳು. ಒಂದು ದಿನ ಮೂವರೂ ಸೇತುವೆಯನ್ನು ನಡೆದು ದಾಟಿದರು. ಟೈಲರಕ್ಕ ಆಚೆ ದಡದಲ್ಲಿ ಕಟಕಟೆ ಹಿಡಿದು ಅತ್ತಳು. ಅವರಿಬ್ಬರೂ ಪಕ್ಕಕ್ಕೆ ತಿರುಗಿ, ಅಳು ಮುಗಿಯುವವರೆಗೆ ಕೈಕಾಲು ಜಾಡಿಸುತ್ತ ನಿಂತರು.

ಬೇಕರಿಯಣ್ಣ ಬಂದದ್ದು ಅದಾದ ಎರಡು ವಾರಕ್ಕೆ. ಯಾರೂ ಕರೆದಿರಲಿಲ್ಲ. ದಪ್ಪ ಕೋಟು, ಕುತ್ತಿಗೆಗೆ ಹೆಂಡತಿಯ ಶಾಲು, ಕಾಲಿಗೆ ಹೊಸ ಬೂಟು. "ಡಾಕ್ಟರು ನಡೀಲೇಬೇಕು ಅಂದಿದ್ದಾರೆ" ಎಂದು ಮೇಷ್ಟ್ರಿಗೆ ಹೇಳಿದ. ಟೈಲರಕ್ಕನ ಕಡೆ ತಲೆ ಆಡಿಸಿದ, ಅಷ್ಟೇ. ಆ ದಿನ ಅವನು ಮೇಷ್ಟ್ರ ಪಕ್ಕ ನಡೆದ, ಅವಳು ಸಿಸ್ಟರ ಪಕ್ಕ. ಸೇತುವೆಯ ಕಡೆ ಹೋಗದೆ ಉದ್ಯಾನದ ಸುತ್ತಲಿನ ರಸ್ತೆ ಹಿಡಿದರು. ಮುಂದೆಯೂ ಅದೇ ದಾರಿಯಾಯಿತು.

ಹಾಗೆ ಬರುತ್ತ ಹೋದ, ವಾರಕ್ಕೆ ಮೂರು ದಿನ. ಬರಬರುತ್ತ ಅವನೂ ನಡುನಡುವೆ ಒಂದೊಂದು ನಿಮಿಷ ಓಡತೊಡಗಿದ. ಅವಳ ಜೊತೆ ಎಣಿಸಿದಷ್ಟು ಮಾತು. ಮೊದಲಿನಂತೆ ತಮಾಷೆ ಮಾಡುತ್ತಿರಲಿಲ್ಲ. ಇದಕ್ಕಿಂತ ಹೆಚ್ಚು ಕೇಳುವ ಹಕ್ಕು ತನಗಿಲ್ಲ ಎಂದು ಅವಳು ಮನಸ್ಸಿಗೆ ಹೇಳಿಕೊಂಡಳು. ಹೇಳಿಕೊಂಡಷ್ಟು ಸುಲಭವಾಗಿ ಅದು ಕೇಳಲಿಲ್ಲ.

ಚಳಿಗಾಲ ಮುಗಿಯಲು ಬಂದಿದ್ದ ಒಂದು ಬೆಳಗ್ಗೆ ಮೇಷ್ಟ್ರೂ ಸಿಸ್ಟರೂ ಮಾತಿನ ಭರದಲ್ಲಿ ಮುಂದೆ ಹೋಗಿಬಿಟ್ಟರು. ನಿಧಾನದವರಿಬ್ಬರು ಹಿಂದೆ ಉಳಿದರು. ಸ್ವಲ್ಪ ದೂರ ಅಕ್ಕಪಕ್ಕ ಓಡಿದರು. ಅವನ ಏದುಸಿರು ಕೇಳಿ ಅವಳು ಹೆಜ್ಜೆ ಸಣ್ಣದು ಮಾಡಿದಳು. ತಿರುವಿನಲ್ಲಿ ಅವನು ಕೈಯೆತ್ತಿ, "ನಿಲ್ಲಿ" ಎಂದ. ಅವಳು ನಿಂತಳು. ಅವನು ಮೊಣಕಾಲಿನ ಮೇಲೆ ಕೈಯೂರಿ ಉಸಿರು ತೆಗೆದುಕೊಂಡ. ಉದ್ಯಾನದ ಬೇಲಿಯ ಮೇಲೆ ಹಿಮ ಕರಗಿ ತೊಟ್ಟಿಕ್ಕುತ್ತಿತ್ತು.

"ತಲೆ ಸುತ್ತುತ್ತಾ? ಸಿಸ್ಟರನ್ನ ಕೂಗ್ಲಾ?"

"ಇಲ್ಲ, ಇಲ್ಲ. ಉಸಿರಷ್ಟೇ." ನೆಟ್ಟಗೆ ನಿಂತು, ಕೋಟಿನೊಳಗೆ ಕೈ ತೂರಿಸಿ ಸೊಂಟದ ಪಟ್ಟಿ ಎಳೆದುಕೊಂಡ. "ಈ ಪ್ಯಾಂಟು ಉಸಿರು ಕಟ್ಟಿಸ್ತಿದೆ. ಒಂದು ವರ್ಷದಲ್ಲಿ ಸೊಂಟ ಎಲ್ಲಿಗೋ ಹೋಯ್ತು. ಇದನ್ನ ಸ್ವಲ್ಪ ಬಿಡಿಸೋಕೆ ಆಗುತ್ತಾ?"

ಅವಳು ಹಿಂದಕ್ಕೆ ಸರಿದು, ಹೊಲಿಗೆಯವಳ ಕಣ್ಣಿನಿಂದ ನೋಡಿದಳು. "ಹೊಲಿಗೆ ಒಳಗೆ ಬಟ್ಟೆ ಬಿಟ್ಟಿದ್ರೆ ಬಿಡಿಸ್ಬಹುದು. ಇಲ್ಲಾಂದ್ರೆ ಎರಡೂ ಪಕ್ಕ ಪಟ್ಟಿ ಕೊಡ್ಬೇಕು. ಬಿಚ್ಚಿ ನೋಡಿದ್ರೇ ಗೊತ್ತಾಗೋದು. ಯಾರ ಕೈಲಾದ್ರೂ ಕಳಿಸಿ."

"ನಾನೇ ತರ್ತೀನಿ" ಎಂದ ಅವನು. "ಮಧ್ಯಾಹ್ನ ಬರ್ತೀನಿ. ನಿಮ್ಮ ಅತ್ತೆನ ನೋಡಿ ಬಹಳ ದಿನ ಆಯ್ತು."

"ಬನ್ನಿ. ಮೂರರ ಮೇಲೆ ನಾನು ಬಿಡುವಾಗಿರ್ತೀನಿ."

ಅವನು ತಲೆಯಾಡಿಸಿದ. ಇನ್ನೂ ಒಂದೆರಡು ಉಸಿರು ಎಳೆದುಕೊಂಡು, ಮುಂದಿನ ತಿರುವಿನಲ್ಲಿ ಕಾಯುತ್ತಿದ್ದ ಇಬ್ಬರತ್ತ ನೋಡಿ, ಶಾಲನ್ನು ಕುತ್ತಿಗೆಗೆ ಬಿಗಿದುಕೊಂಡ. ಇಬ್ಬರೂ ಮತ್ತೆ ಓಡತೊಡಗಿದರು.